ಓದುಗರ ಪ್ರಶ್ನೆ: ಸಾವಿರದೈನೂರು ಜನರ ಊರಿನಲ್ಲಿ ಮಗನ ಮೂರು ವರ್ಷ

ಪ್ರಶ್ನೆ: ನನ್ನ ಮಗ ಇಲ್ಲಿ ಎಂಬಿಬಿಎಸ್ ಮುಗಿಸಿ, ಅಮೆರಿಕದಲ್ಲಿ ರೆಸಿಡೆನ್ಸಿ (ಆಸ್ಪತ್ರೆಯಲ್ಲಿದ್ದು ಪಡೆಯುವ ತಜ್ಞ ತರಬೇತಿ) ಪೂರೈಸಿ, ಈಗ ಕನ್ಸಾಸ್ ರಾಜ್ಯದ ಸಣ್ಣ ಊರೊಂದರ ಆಸ್ಪತ್ರೆಯಲ್ಲಿ ಮೂರು ವರ್ಷ ಕೆಲಸ ಮಾಡುವ ಕರಾರಿಗೆ ಸಹಿ ಹಾಕಿದ್ದಾನೆ. ಊರಿನಲ್ಲಿರುವುದು ಸಾವಿರದೈನೂರು ಜನರಂತೆ. ಸುತ್ತ ಗೋಧಿ ಹೊಲ ಬಿಟ್ಟರೆ ಬೇರೇನೂ ಇಲ್ಲವಂತೆ. ಸೊಸೆ ನ್ಯೂಜೆರ್ಸಿಯಲ್ಲಿ ಬೆಳೆದವಳು, ಎರಡು ವರ್ಷದ ಮೊಮ್ಮಗಳಿದ್ದಾಳೆ, ನಾವು ಸಸ್ಯಾಹಾರಿಗಳು. 2017ರಲ್ಲಿ ಅದೇ ರಾಜ್ಯದಲ್ಲಿ ನಮ್ಮ ದೇಶದ ಎಂಜಿನಿಯರ್ ಒಬ್ಬರನ್ನು ಗುಂಡಿಕ್ಕಿ ಕೊಂದದ್ದು ಮನಸ್ಸಿನಿಂದ ಹೋಗುವುದಿಲ್ಲ. ನೀವು ಅಂಥ ಊರಿನಲ್ಲಿ ಇದ್ದು ಬಂದವರಾದ್ದರಿಂದ ಕೇಳುತ್ತಿದ್ದೇನೆ, ಅಲ್ಲಿ ನಮ್ಮವರು ಬಾಳುವುದು ಹೇಗೆ?
— ಹೆಸರು ಬೇಡ, ದಾವಣಗೆರೆ

ಉತ್ತರ: ಅಮ್ಮ, ತಮ್ಮ ಮಗ ಅಲ್ಲಿಗೆ ಹೋಗುತ್ತಿರುವ ಕಾರಣದಿಂದಲೇ ಆರಂಭಿಸುತ್ತೇನೆ, ಊರಿನವರು ಅವರನ್ನು ಹೇಗೆ ಕಾಣುತ್ತಾರೆ ಎಂಬುದು ಬಹುಪಾಲು ಅದರಲ್ಲೇ ಇದೆ. ಮೂರು ವರ್ಷದ ಕರಾರು ಎಂದಿದ್ದೀರಿ. ತರಬೇತಿಗೆಂದು ಬರುವವರಿಗೆ ಕೊಡುವ ಜೆ-1 ವೀಸಾದಲ್ಲಿ ರೆಸಿಡೆನ್ಸಿ ಮಾಡಿದ ವೈದ್ಯರು ನಿಯಮದಂತೆ ಎರಡು ವರ್ಷ ಸ್ವದೇಶಕ್ಕೆ ಮರಳಿ ಇರಬೇಕು. ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ಪೂರ್ಣಾವಧಿ ಕೆಲಸ ಮಾಡಲು ಒಪ್ಪಿದವರಿಗೆ ಆ ನಿಯಮದಿಂದ ವಿನಾಯಿತಿ ಉಂಟು. 1994ರಲ್ಲಿ ಬಂದ ಈ ಏರ್ಪಾಡಿಗೆ ನಾರ್ತ್ ಡಕೋಟದ ಸೆನೆಟರ್ ಆಗಿದ್ದ ಕೆಂಟ್ ಕಾನ್ರಾಡ್ ಅವರ ಹೆಸರಿದೆ. ಒಂದೊಂದು ರಾಜ್ಯವೂ ವರ್ಷಕ್ಕೆ 30 ವೈದ್ಯರಿಗೆ ಹೀಗೆ ಶಿಫಾರಸು ಮಾಡಬಹುದು. ಅಂಥ ಊರುಗಳ ಆಸ್ಪತ್ರೆಗಳಲ್ಲಿ ಹೆಚ್ಚಿನವು 25 ಹಾಸಿಗೆಯನ್ನು ಮೀರದವು. ಅಲ್ಲಿ ಒಬ್ಬ ವೈದ್ಯರು ಕಡಿಮೆಯಾದರೆ ಹೆರಿಗೆ ವಿಭಾಗವೋ ರಾತ್ರಿಯ ತುರ್ತು ಸೇವೆಯೋ ನಿಲ್ಲುವ ಸ್ಥಿತಿ ಬರುತ್ತದೆ. ಆಸ್ಪತ್ರೆ ಮುಚ್ಚಿದರೆ ಮುದುಕರು ಮಕ್ಕಳಿರುವ ಪಟ್ಟಣಕ್ಕೆ ಹೊರಡುತ್ತಾರೆ. ಆದ್ದರಿಂದ ಊರು ತಮ್ಮ ಮಗನನ್ನು ಬೇಕೆಂದೇ ಬರಮಾಡಿಕೊಳ್ಳುತ್ತದೆ. ಮೂರು ವರ್ಷ ತುಂಬಿದ ಮರುದಿನವೇ ಗಂಟುಮೂಟೆ ಕಟ್ಟಿದ ಹಿಂದಿನ ವೈದ್ಯರ ನೆನಪೂ ಅದಕ್ಕೆ ಇರುತ್ತದೆ. ಮೊದಲ ವಾರದಲ್ಲೇ ಯಾರಾದರೂ ‘ಇಲ್ಲೇ ಉಳಿಯುತ್ತೀರಾ?’ ಎಂದು ಕೇಳಿದರೆ, ಅದನ್ನು ಕುಶಲ ಪ್ರಶ್ನೆ ಎಂದು ತಿಳಿದು ಹಾರಿಕೆಯ ಉತ್ತರ ಕೊಡದಿರುವುದು ಒಳ್ಳೆಯದು.

2017ರ ಕೊಲೆ ನಡೆದದ್ದು ಒಲೇಥದಲ್ಲಿ. ಅದು ಲಕ್ಷಕ್ಕೂ ಮೀರಿ ಜನರಿರುವ, ಕನ್ಸಾಸ್ ಸಿಟಿಯ ಮಗ್ಗುಲಿನ ಉಪನಗರ. ಕೊಂದವನನ್ನು ತಡೆಯಲು ಎದ್ದ ಸ್ಥಳೀಯ ಯುವಕನಿಗೂ ಗುಂಡು ತಗುಲಿತ್ತು. ಇದನ್ನು ಹೇಳಿ ಸಣ್ಣ ಊರಿನವರೆಲ್ಲ ದೇವರಂಥವರು ಎಂದು ತಮ್ಮನ್ನು ಸಮಾಧಾನಪಡಿಸುವುದು ನನ್ನಿಂದಾಗದು. ನನ್ನ ಪತಿ ಕೆಲಸ ಮಾಡುತ್ತಿದ್ದಾಗ ‘ಅಮೆರಿಕದ ಡಾಕ್ಟರ್ ಯಾರೂ ಇಲ್ಲವೇ?’ ಎಂದು ಕೇಳಿ ಎದ್ದುಹೋದವರಿದ್ದರು. ಹಾಗೆ ಎದ್ದುಹೋದ ಒಬ್ಬ ಅಜ್ಜ ನಾಲ್ಕು ತಿಂಗಳ ಮೇಲೆ ಎದೆನೋವೆಂದು ಬಂದು, ಗುಣವಾಗಿ ಮನೆಗೆ ಹೋದ ಮೇಲೆ, ಏನೂ ಹೇಳದೆ ನಮ್ಮ ಮನೆಯ ಮೆಟ್ಟಿಲ ಮೇಲೆ ಟೊಮೆಟೊ ತುಂಬಿದ ಬುಟ್ಟಿ ಇಟ್ಟು ಹೋದರು. ಕ್ಷಮೆ ಕೇಳಿದ್ದೋ ಫೀಸು ಕೊಟ್ಟದ್ದೋ ನನಗೆ ಇಂದಿಗೂ ಗೊತ್ತಾಗಿಲ್ಲ.

ನಗರದಿಂದ ಹೋದವರಿಗೆ ಕಷ್ಟವಾಗುವುದು ಒಂಟಿತನವೆಂದು ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಕಷ್ಟವಾದದ್ದು ಒಂಟಿಯಾಗಿರಲು ಆಗದೆ ಹೋದದ್ದು. ಮೊದಲ ಚಳಿಗಾಲದಲ್ಲಿ ನನ್ನ ಕಾರು ಮಂಜುಗಟ್ಟಿದ ರಸ್ತೆಯಿಂದ ಜಾರಿ ಚರಂಡಿಗೆ ಇಳಿಯಿತು. ಹತ್ತು ನಿಮಿಷದೊಳಗೆ ಒಂದು ಪಿಕಪ್ ನಿಂತಿತು. ಇಳಿದವರು ಹೆಸರನ್ನೂ ಕೇಳದೆ ಸರಪಳಿ ಕಟ್ಟಿ ಎಳೆದರು, ಹಣ ತೆಗೆದುಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ಅಂಚೆ ಕಚೇರಿಗೆ ಹೋದರೆ ಕಿಟಕಿಯ ಹಿಂದಿನ ಹೆಂಗಸು ‘ಬಂಪರ್ ಹೇಗಿದೆ?’ ಎಂದರು. ನಾವು ಯಾವಾಗ ಊರಿಗೆ ಹೋದೆವು, ಯಾವ ಕೋಣೆಯ ದೀಪ ಎಷ್ಟು ಹೊತ್ತು ಉರಿಯಿತು, ಎಲ್ಲವೂ ಎಲ್ಲರಿಗೂ ಗೊತ್ತು. ನಮ್ಮ ಅಗ್ರಹಾರದ ಜಗಲಿಯನ್ನು ಎತ್ತಿ ಪೆಟ್ರೋಲ್ ಬಂಕಿನ ಕಾಫಿ ಮೇಜಿನ ಬಳಿ ಇಟ್ಟಂತೆ. ಬೆಳಿಗ್ಗೆ ಆರಕ್ಕೇ ಟೋಪಿ ಹಾಕಿದ ಹಿರಿಯ ರೈತರು ಅಲ್ಲಿ ಕುಳಿತು ಮಳೆಯಿಂದ ಹಿಡಿದು ಮದುವೆ ಮುರಿದದ್ದರವರೆಗೆ ಮಾತಾಡುತ್ತಾರೆ. ತಮ್ಮ ಸೊಸೆಗೆ ಮೊದಲ ವರ್ಷ ಇದು ಉಸಿರುಗಟ್ಟಿಸೀತು. ಎದುರಿನಿಂದ ಬರುವ ಗಾಡಿಯವರು ಸ್ಟಿಯರಿಂಗ್ ಮೇಲಿನ ಕೈ ತೆಗೆಯದೆಯೇ ತೋರುಬೆರಳೊಂದನ್ನು ಎತ್ತುತ್ತಾರೆ, ಅದು ನಮಸ್ಕಾರ. ಗುರುತಿಲ್ಲದವರಿಗೂ ಬೆರಳೆತ್ತುವುದನ್ನು ರೂಢಿಸಿಕೊಳ್ಳಲು ಹೇಳಿ.

ಊಟದ ವಿಷಯಕ್ಕೆ ಬರೋಣ. ಚರ್ಚಿನಲ್ಲೋ ಶಾಲೆಯಲ್ಲೋ ಪಾಟ್‌ಲಕ್ ಎಂದು ಕರೆಯುತ್ತಾರೆ. ಪ್ರತಿ ಮನೆಯವರೂ ಒಂದೊಂದು ಪದಾರ್ಥ ಮಾಡಿ ತಂದು ಉದ್ದನೆಯ ಮೇಜಿನ ಮೇಲಿಡುತ್ತಾರೆ. ಸಸ್ಯಾಹಾರಿಗಳಿಗೆ ಮಾಂಸಕ್ಕಿಂತ ಹೆಚ್ಚು ಮೋಸವಾಗುವುದು ತರಕಾರಿಯಲ್ಲಿ. ಹುರುಳಿಕಾಯಿ ಪಲ್ಯದಲ್ಲಿ ಹಂದಿಮಾಂಸದ ಚೂರು ಇರಬಹುದು, ಬಣ್ಣಬಣ್ಣದ ಜೆಲ್ಲೋ ಎಂಬ ಸಿಹಿಯಲ್ಲಿರುವ ಜೆಲಟಿನ್ ಪ್ರಾಣಿಜನ್ಯ, ಹಳೆಯ ಕಾಲದ ಅಜ್ಜಿಯರು ಪೈಗೆ ಹಂದಿ ಕೊಬ್ಬು ಹಾಕುತ್ತಾರೆ. ಮುಜುಗರವಿಲ್ಲದೆ ಕೇಳಬಹುದು, ಒಮ್ಮೆ ಹೇಳಿದರೆ ಮರೆಯುವುದಿಲ್ಲ. ನಾವು ಮನೆ ಸೇರಿದ ದಿನ ಪಕ್ಕದ ಮನೆಯಾಕೆ ಗಾಜಿನ ಪಾತ್ರೆಯಲ್ಲಿ ಕ್ಯಾಸರೋಲ್ ಎಂಬ, ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆಯ ಖಾದ್ಯ ತಂದುಕೊಟ್ಟರು. ಪಾತ್ರೆಯ ತಳಕ್ಕೆ ಅವರ ಹೆಸರು ಬರೆದ ಅಂಟುಪಟ್ಟಿ ಇತ್ತು. ಖಾಲಿ ಪಾತ್ರೆ ಹಿಂತಿರುಗಿಸಬಾರದೆಂದು ನಮ್ಮಮ್ಮ ಹೇಳಿಕೊಟ್ಟಿದ್ದಂತೆ ಚಿತ್ರಾನ್ನ ತುಂಬಿ ಕೊಟ್ಟೆ. ಮುಂದಿನ ವಾರ ಅದೇ ಪಾತ್ರೆ ಜುಕಿನಿ ಎಂಬ ಸೌತೆಯಂಥ ತರಕಾರಿ ಹಾಕಿದ ಬ್ರೆಡ್ ಹೊತ್ತು ಬಂತು. ಆ ಪಾತ್ರೆ ಒಂಬತ್ತು ವರ್ಷ ಎರಡು ಮನೆಗಳ ನಡುವೆ ಓಡಾಡಿತು. (ಜುಕಿನಿ ಅಲ್ಲಿ ಬೇಸಿಗೆಯಲ್ಲಿ ಎಷ್ಟು ಬೆಳೆಯುತ್ತದೆಂದರೆ, ಆಗಸ್ಟಿನಲ್ಲಿ ಕಾರಿಗೆ ಬೀಗ ಹಾಕುವುದು ಕಳ್ಳರ ಭಯಕ್ಕಲ್ಲ, ಯಾರಾದರೂ ಒಳಗೆ ಜುಕಿನಿ ಇಟ್ಟುಹೋದಾರೆಂಬ ಭಯಕ್ಕೆ ಎಂಬ ಹಾಸ್ಯ ಅಲ್ಲಿ ಚಾಲ್ತಿಯಲ್ಲಿದೆ.) ಬೇಳೆ, ಸಾಂಬಾರ ಪದಾರ್ಥಗಳಿಗೆ ತಿಂಗಳಿಗೊಮ್ಮೆ ದೊಡ್ಡ ಊರಿಗೆ ಕಾರಿನಲ್ಲಿ ಹೋಗಿಬರಬೇಕು.

‘ಯಾವ ಚರ್ಚಿಗೆ ಹೋಗುತ್ತೀರಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದು ನಮ್ಮಲ್ಲಿ ‘ನೀವು ಯಾವ ಕಡೆಯವರು?’ ಎಂದು ಕೇಳಿದ ಹಾಗೆ. ಮತಾಂತರದ ಗಾಳವೆಂದು ಮೊದಲಿಗೇ ಬೆಚ್ಚಬೇಕಾಗಿಲ್ಲ. ಅಗ್ನಿಶಾಮಕ ದಳದ ಪ್ಯಾನ್‌ಕೇಕ್ ಊಟಕ್ಕೆ ಮಾತ್ರ ತಪ್ಪದೆ ಹೋಗಲಿ. ಅಲ್ಲಿನ ದಳದವರು ಸಂಬಳದವರಲ್ಲ. ಸೈರನ್ ಕೂಗಿದೊಡನೆ ಅಂಗಡಿಯವರು, ಮೇಷ್ಟ್ರು, ರೈತರು ಕೈಯಲ್ಲಿದ್ದದ್ದನ್ನು ಬಿಟ್ಟು ಓಡುವ ಸ್ವಯಂಸೇವಕರು. ಇಡೀ ದೇಶದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಇಂಥವರೇ. ಅವರು ಸುಟ್ಟ ಪ್ಯಾನ್‌ಕೇಕ್ ತಿಂದು ಡಬ್ಬಿಗೆ ಹಣ ಹಾಕಿದ ವೈದ್ಯರನ್ನು ಊರು ಬೇರೆಯೇ ರೀತಿಯಲ್ಲಿ ಮಾತನಾಡಿಸುತ್ತದೆ. ಅಂದ ಹಾಗೆ, ಅದೇ ಸೈರನ್ ಸುಂಟರಗಾಳಿಗೂ ಕೂಗುವುದುಂಟು. ಬಾಡಿಗೆಗೆ ಹಿಡಿಯುವ ಮನೆಗೆ ನೆಲಮಾಳಿಗೆ ಇದೆಯೇ ಎಂದು ಈಗಲೇ ಕೇಳಿಕೊಳ್ಳಲಿ.

ಪ್ರಶ್ನೆ: ಅಮೆರಿಕದಲ್ಲಿ ಇನ್ನೂರು ಜನರಿಲ್ಲದ ಊರನ್ನೂ ‘ಸಿಟಿ’ ಎನ್ನುತ್ತಾರೆ ಎಂದು ನೆಂಟರೊಬ್ಬರು ಹೇಳಿದರು. ಇದು ನಿಜವೇ?
— ಓದುಗ, ತಿಪಟೂರು

ಉತ್ತರ: ನಿಜ. ಕನ್ಸಾಸಿನ ಸ್ಮಿತ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಲೆಬನಾನ್ ಎಂಬ ಊರಿದೆ. ಅಲಾಸ್ಕ, ಹವಾಯಿ ಬಿಟ್ಟು ಉಳಿದ 48 ರಾಜ್ಯಗಳ ಭೌಗೋಳಿಕ ನಡುಬಿಂದು ಅದರ ಹತ್ತಿರದ ಹೊಲವೊಂದರಲ್ಲಿದೆ. 2020ರ ಜನಗಣತಿಯಲ್ಲಿ ಅಲ್ಲಿದ್ದವರು 178 ಜನ. ಆದರೂ ರಾಜ್ಯದ ಕಾನೂನಿನಲ್ಲಿ ಅದು ಮೂರನೆಯ ದರ್ಜೆಯ ಸಿಟಿ. ನಮ್ಮಲ್ಲಿ ಗ್ರಾಮ ಪಂಚಾಯಿತಿಗೆ ಸುಮಾರು 400 ಜನರಿಗೊಬ್ಬ ಸದಸ್ಯನ ಲೆಕ್ಕ. ಆ ಅಳತೆಯಲ್ಲಿ ಇಡೀ ಲೆಬನಾನಿಗೆ ಅರ್ಧ ಸದಸ್ಯನೂ ದಕ್ಕುವುದಿಲ್ಲ.

ಪ್ರಶ್ನೆ: ಮುಯ್ಯಾಳು ಪದ್ಧತಿ ನಮ್ಮ ಮಲೆನಾಡಿನಲ್ಲೇ ಕಡಿಮೆಯಾಯಿತು. ಸಾವಿರಾರು ಎಕರೆಯನ್ನು ಯಂತ್ರದಿಂದ ಬೇಸಾಯ ಮಾಡುವ ಅಮೆರಿಕದ ರೈತರಿಗೆ ನೆರೆಹೊರೆಯ ಹಂಗೇನಿದೆ? ಆ ಹಳ್ಳಿಗಳು ಖಾಲಿಯಾಗುತ್ತಿರುವುದೇಕೆ?
— ಅಡಿಕೆ ಬೆಳೆಗಾರ, ಸಾಗರ

ಉತ್ತರ: ತಮ್ಮ ಎರಡನೆಯ ಪ್ರಶ್ನೆಗೆ ತಾವು ಹೇಳಿದ ಆ ಸಾವಿರಾರು ಎಕರೆಯೇ ಉತ್ತರ. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ ಐದು ವರ್ಷ ನೆಲೆಸಿ ಉತ್ತವರಿಗೆ 160 ಎಕರೆ ಸಿಕ್ಕುತ್ತಿತ್ತು. ಅಂದರೆ ಒಂದು ಚದರ ಮೈಲಿಗೆ ನಾಲ್ಕು ಒಲೆ ಉರಿಯುವ ಲೆಕ್ಕ. ಟ್ರ್ಯಾಕ್ಟರ್, ಕೊಯ್ದು ಒಕ್ಕುವ ಕಂಬೈನ್ ಯಂತ್ರ ಬಂದಂತೆಲ್ಲ ಒಬ್ಬನ ಕೈಗೆ ನಿಲುಕುವ ಹೊಲ ಹಿಗ್ಗಿತು, ಒಲೆಗಳು ಆರಿದವು. ಸ್ಮಿತ್ ಕೌಂಟಿಯಲ್ಲಿ 1900ರಲ್ಲಿ 16 ಸಾವಿರಕ್ಕೂ ಹೆಚ್ಚು ಜನರಿದ್ದರು, 2020ರಲ್ಲಿ ಮೂರೂವರೆ ಸಾವಿರದ ಆಸುಪಾಸು. ಜನ ಹೋದ ಮೇಲೆ ಶಾಲೆ ಹೋಗುತ್ತದೆ. 1939–40ರಲ್ಲಿ ದೇಶದಲ್ಲಿ 1,17,000ಕ್ಕೂ ಹೆಚ್ಚಿದ್ದ ಶಾಲಾ ಜಿಲ್ಲೆಗಳು (ಒಂದು ಪ್ರದೇಶದ ಶಾಲೆಗಳನ್ನು ನಡೆಸುವ ಆಡಳಿತ ಘಟಕಗಳು) ಒಂದರೊಳಗೊಂದು ವಿಲೀನವಾಗಿ ಈಗ ಸುಮಾರು 13,000ಕ್ಕೆ ಇಳಿದಿವೆ. ಹನ್ನೊಂದು ಹುಡುಗರು ಸಿಗದ ಶಾಲೆಗಳಿಗಾಗಿ 1934ರಲ್ಲಿ ನೆಬ್ರಾಸ್ಕದ ಸ್ಟೀಫನ್ ಎಪ್ಲರ್ ಎಂಬ ಕೋಚ್ ಆರು ಜನರ ಅಮೆರಿಕನ್ ಫುಟ್‌ಬಾಲನ್ನೇ ಹುಟ್ಟಿಸಿದರು. ಅದನ್ನು ಇಂದಿಗೂ ಆಡುತ್ತಾರೆ. ಶುಕ್ರವಾರ ಸಂಜೆ ಆ ಮೈದಾನದ ಸುತ್ತ ಪಿಕಪ್‌ಗಳು ಮುಖಮಾಡಿ ನಿಲ್ಲುವುದನ್ನು ಕಂಡವರಿಗೆ, ಶಾಲೆ ಮುಚ್ಚುವ ಸಭೆಯಲ್ಲಿ ಗಂಡಸರು ಅಳುವುದೇಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹಂಗಿನ ಮಾತು ಬಂದರೆ, ನೆರೆಯವರು ಕಡಿಮೆಯಾದಷ್ಟೂ ಅದು ಹೆಚ್ಚಿತೆಂಬುದು ನಾನು ಕಂಡದ್ದು. ಉತ್ತರ ಕನ್ಸಾಸಿನಲ್ಲಿ ಗೋಧಿ ಕಟಾವಿಗೆ ಬರುವುದು ಜೂನ್ ಕೊನೆಗೆ. ಆಲಿಕಲ್ಲು ಮಳೆ ಹೊಡೆದರೆ ವರ್ಷದ ಗಂಜಿ ಅರ್ಧ ಗಂಟೆಯಲ್ಲಿ ಮಣ್ಣುಪಾಲು. ಅಂಥ ಒಂದು ಜೂನಿನಲ್ಲಿ ನಮ್ಮೂರಿನ ರೈತರೊಬ್ಬರು ಕ್ಯಾನ್ಸರ್ ಚಿಕಿತ್ಸೆಗೆಂದು ದೂರದ ಆಸ್ಪತ್ರೆ ಸೇರಿದ್ದರು. ಅವರ ಹೊಲ ಮಾಗಿದ ದಿನ ಏಳು ಮನೆಯವರು ತಮ್ಮ ಕೊಯ್ಲನ್ನು ನಿಲ್ಲಿಸಿ ಕಂಬೈನ್‌ಗಳನ್ನು ತಂದರು. ನಾನು ಸ್ಯಾಂಡ್‌ವಿಚ್ ಹಂಚುವ ಹೆಂಗಸರ ಜೊತೆ ಹೊಲದ ಬದುವಿನಲ್ಲಿದ್ದೆ. ಯಂತ್ರಗಳು ಓರೆಸಾಲಿನಲ್ಲಿ ಒಂದರ ಹಿಂದೊಂದು ಧೂಳೆಬ್ಬಿಸುತ್ತ ಹೋದವು, ಲಾರಿಗಳು ಕತ್ತಲಾದ ಮೇಲೂ ಎಲಿವೇಟರ್ ಎಂದು ಕರೆಯುವ ಆ ಎತ್ತರದ ಧಾನ್ಯದ ಕಣಜಕ್ಕೆ ಓಡಾಡಿದವು. ತೂಕದ ಚೀಟಿಗಳೆಲ್ಲ ಕಾಯಿಲೆಯವರ ಹೆಸರಿನಲ್ಲೇ ಆದವು. ಡೀಸೆಲ್ ಖರ್ಚು ಯಾರದೆಂದು ಅವರ ಹೆಂಡತಿ ಮೂರು ಸಲ ಕೇಳಿದರು, ಯಾರಿಗೂ ಕೇಳಿಸಲಿಲ್ಲ.