ಕೊಕ್ಕೆಯ ಕಣ್ಣು ಮುಚ್ಚಬೇಡಿ ಮಾರಾಯ್ರೇ

ಪ್ರಶ್ನೆ: ನಾನು ಕಾರವಾರದವನು, ಪುಣೆಗೆ ಬಂದು 30 ವರ್ಷ. ಹುಡುಗನಿದ್ದಾಗ ಕಾಳಿ ನದಿಯಲ್ಲಿ ಗಾಳಕ್ಕೆ ಸಿಗಡಿ ಚುಚ್ಚಿ ಮೀನು ಹಿಡಿದವನು. ಈ ಜನವರಿಗೆ ಸಿಯಾಟಲ್‌ನ ಮಗ ಸ್ಟೀಲ್‌ಹೆಡ್ ಹಿಡಿಯಲು ಕರೆದೊಯ್ಯುತ್ತಾನಂತೆ. ಗರಿ ಕಟ್ಟಿದ ಕೊಕ್ಕೆ, ಅಂದರೆ ಫ್ಲೈ ಮಾತ್ರ ಹಾಕುವುದಂತೆ. ನೂರಾರು ನಮೂನೆ ನೋಡಿ ತಲೆ ಕೆಟ್ಟಿದೆ. ಯಾವುದು ಕಟ್ಟಲಿ? ಸಾಮಾನು ಇಲ್ಲಿ ಸಿಗುತ್ತಾ?
— ಓದುಗರು, ಕೋಥ್ರೂಡ್, ಪುಣೆ

ಉತ್ತರ: ಮೊದಲು ಸಿಗಡಿಯನ್ನು ಮರೆತುಬಿಡಿ. ಸ್ಟೀಲ್‌ಹೆಡ್ ಅಂದರೆ ಸಮುದ್ರದಲ್ಲಿ ಬಲಿತು, ಮೊಟ್ಟೆ ಇಡಲು ಹುಟ್ಟಿದ ನದಿಗೆ ಮರಳುವ ರೇನ್‌ಬೋ ಟ್ರೌಟ್. ನದಿಗೆ ಬಂದ ಮೇಲೆ ಅದು ತಿನ್ನುವುದು ತೀರಾ ಕಮ್ಮಿ. ಹಾಗಾಗಿ ಫ್ಲೈ ಯಾವ ಹುಳದ ಥರ ಇದೆ ಅನ್ನೋದು ಅಷ್ಟು ಮುಖ್ಯವಲ್ಲ. ಮೀನಿನ ಕಣ್ಣಿಗೆ ಬೀಳಬೇಕು, ಅದನ್ನು ಕೆಣಕಬೇಕು. ಜನವರಿಯಲ್ಲಿ ನೀರು ತಣ್ಣಗೆ, ಮಳೆ ಬಂದರೆ ಕದಡಿಯೂ ಇರುತ್ತದೆ. ಮೀನು ತಳ ಹಿಡಿದಿರುತ್ತದೆ, ದೂರಕ್ಕೆ ಓಡಿ ಬರಲ್ಲ. ದೊಡ್ಡದು, ಕಪ್ಪು ಇಲ್ಲವೇ ನೇರಳೆ ಬಣ್ಣದ್ದು ಕಟ್ಟಿ. ಬೇಸಿಗೆಯ ತಿಳಿನೀರಾಗಿದ್ದರೆ 6ನೇ ನಂಬರಿನ ಪುಟ್ಟ ಫ್ಲೈ ಸಾಕಿತ್ತು. ಇಂಟ್ರೂಡರ್ ಚಳಿಗಾಲಕ್ಕೆ ಹೆಸರಾದ ನಮೂನೆ, ಆದರೆ ಹೊಸಬರಿಗೆ ಅದು ತಲೆನೋವು.

ನೀವು ಗ್ರೀನ್ ಬಟ್ ಸ್ಕಂಕ್ ಅನ್ನೋ ನಮೂನೆ ಕಲಿಯಿರಿ, 2ನೇ ನಂಬರಿನ ಕೊಕ್ಕೆಯಲ್ಲಿ. ನಂಬರು ಕಮ್ಮಿಯಾದಷ್ಟು ಕೊಕ್ಕೆ ದೊಡ್ಡದು. ಬಾಲಕ್ಕೆ ಕೆಂಪು ಗರಿ. ಅದರ ಮುಂದೆ ಎರಡು ಸುತ್ತು ಗಿಳಿಹಸಿರು ಶೆನೀಲ್, ಅಂದರೆ ಮೈತುಂಬ ರೋಮವಿರುವ ಮೆತ್ತನೆಯ ನೂಲು. ಮೈಗೆ ಕಪ್ಪು ಶೆನೀಲ್, ಮೇಲೆ ಬೆಳ್ಳಿ ಜರಿಯ ಸುತ್ತು. ಕೊರಳಿಗೆ ಕಪ್ಪು ಹುಂಜದ ಗರಿ, ಬೆನ್ನಿಗೆ ಬಿಳಿ ಕೂದಲು. ನೂಲು, ಜರಿ ನಿಮ್ಮ ಪುಣೆಯ ತುಳಶಿಬಾಗ್ ಪೇಟೆಯಲ್ಲಿ ಹುಡುಕಿ. ಗರಿಗೆ ಕೋಳಿ ಅಂಗಡಿ ಇದೆಯಲ್ಲ! ಇಲ್ಲಿ ಡೊಂಬಿವಲಿಯಲ್ಲಿ ನಾನು ಮೊದಲ ಸಲ ಕೇಳಿದಾಗ ಅಂಗಡಿಯವ ‘ಪಿಸಂ ಕಶಾಲಾ, ಕಾಕಾ?’ ಅಂತ ನಕ್ಕಿದ್ದ. ಗರಿ ಯಾಕಪ್ಪಾ ಈ ಮುದುಕನಿಗೆ ಅಂತ. ಸೋಪು ನೀರಲ್ಲಿ ತೊಳೆದು ಒಣಗಿಸಿ.

ಎಲ್ಲರೂ ಎಡವುವುದು ಕೊನೆಯಲ್ಲಿ. ಹಡಗಿನ ಕೆಲಸದಲ್ಲಿದ್ದಾಗ ರಜೆ ಹಾಕಿ ವ್ಯಾಂಕೂವರ್ ಹತ್ತಿರದ ನದಿಗೆ ಹೋಗಿದ್ದೆ. ಮೊಣಕಾಲುದ್ದ ನೀರು, ಮರಗಟ್ಟಿದ ಬೆರಳು. ದಾರ ಪೋಣಿಸಲು ಹೋದರೆ ಕೊಕ್ಕೆಗೆ ಕಣ್ಣೇ ಇಲ್ಲ! ಗರಿಯನ್ನು ತುದಿಯವರೆಗೂ ಸುತ್ತಿದ್ದೆ, ಮೇಲೆ ಹಚ್ಚಿದ ಅಂಟು ತೂತಿನೊಳಗೇ ಗಟ್ಟಿಯಾಗಿ ಕೂತಿತ್ತು. ಸೂಜಿ ರೂಮಿನಲ್ಲಿ. ಅದಕ್ಕೇ ಕಣ್ಣಿನ ಹಿಂದೆ ಅರ್ಧ ಅಕ್ಕಿಕಾಳಿನಷ್ಟು ಜಾಗ ಮೊದಲೇ ಬಿಟ್ಟುಕೊಂಡು ಶುರು ಮಾಡಿ. ಅಂಟು ಒಣಗುವ ಮುಂಚೆ ಕಣ್ಣಿನೊಳಗೆ ಒಂದು ಗರಿ ತೂರಿಸಿ ಎಳೆಯಿರಿ, ಸ್ವಚ್ಛವಾಗುತ್ತದೆ.

ಇಲ್ಲಿ ಕಟ್ಟುವುದೆಲ್ಲ ಕೈ ಪಳಗಲಿಕ್ಕೆ ಮಾತ್ರ. ನವಿಲುಗರಿಯನ್ನು ದೇಶದಾಚೆ ಒಯ್ಯುವುದು ನಿಷಿದ್ಧ, ಕೋಳಿಗರಿ ಕಂಡರೆ ಅಲ್ಲಿನ ಕಸ್ಟಮ್ಸ್‌ನವರ ತಕರಾರು. ನೀರಿಗೆ ಹಾಕುವುದನ್ನು ಮಗನ ಮನೆಯಲ್ಲೇ ಕೂತು ಕಟ್ಟಿ. ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಮಲಗಿಸಿ. ಮೀನು ಸಿಕ್ಕರೆ ಬೆನ್ನಿನ ಕೊನೆಗೆ, ಬಾಲದ ಹತ್ತಿರ ಇರುವ ಪುಟ್ಟ ರೆಕ್ಕೆ ನೋಡಿ. ಕತ್ತರಿಸಿದ್ದರೆ ಹ್ಯಾಚರಿಯಲ್ಲಿ ಸಾಕಿದ್ದು. ಇದ್ದರೆ ನದಿಯಲ್ಲೇ ಹುಟ್ಟಿದ್ದು, ವಾಷಿಂಗ್ಟನ್ ರಾಜ್ಯದಲ್ಲಿ ಅದನ್ನು ನೀರಿನಿಂದ ಪೂರ್ತಿ ಮೇಲೆತ್ತುವಂತಿಲ್ಲ. ಫೋಟೋ ಬೇಕಿದ್ದರೆ ನೀವೇ ಬಗ್ಗಬೇಕು.