ಹಸಿ ಗೋಡೆ, ಎದ್ದ ಟೈಲ್ಸ್: ಮನೆ ದುರಸ್ತಿಯ ಪ್ರಶ್ನೋತ್ತರ

ಪ್ರಶ್ನೆ: ನಮ್ಮದು ಬೆಳಗಾವಿ ಶಹಾಪುರದಲ್ಲಿ ಮಾವನವರ ಕಾಲದ ಕಲ್ಲು-ಮಣ್ಣಿನ ಗೋಡೆಯ ಮನೆ. ಮೂವತ್ತು ವರ್ಷದ ಹಿಂದೆ ಒಳಗೆಲ್ಲ ಸಿಮೆಂಟ್ ಗಿಲಾವು ಆಗಿದೆ. ಪಡಸಾಲೆಯ ಗೋಡೆ ನೆಲದಿಂದ 3 ಅಡಿವರೆಗೆ ಸದಾ ಹಸಿ. ಬಣ್ಣ ಹಪ್ಪಳದ ಹಾಗೆ ಏಳುತ್ತಿತ್ತು, ಬಿಳಿ ಹಿಟ್ಟು ಉದುರುತ್ತಿತ್ತು. ಎರಡು ವರ್ಷದ ಹಿಂದೆ 18 ಸಾವಿರ ಖರ್ಚು ಮಾಡಿ ವಾಟರ್‌ಪ್ರೂಫ್ ಬಣ್ಣ ಹೊಡೆಸಿದೆವು. ಈಗ ಹಸಿ ನಾಲ್ಕೂವರೆ ಅಡಿಗೆ ಬಂದಿದೆ. ಆಳೆತ್ತರ ಟೈಲ್ಸ್ ಅಂಟಿಸಿಬಿಡಿ ಎನ್ನುತ್ತಾರೆ. ಅಂಟಿಸಬಹುದೇ?
– ಒಬ್ಬ ಶಿಕ್ಷಕಿ, ಬೆಳಗಾವಿ

ಉತ್ತರ: ಬೇಡ ಅಕ್ಕಾವರೆ, ಅಂಟಿಸಬೇಡಿ. ಟೈಲ್ಸ್ ಹಾಕಿದ ಎರಡು ಮಳೆಗಾಲಕ್ಕೆ ಹಸಿ ಅದರ ಮೇಲಿನ ಅಂಚಿನಲ್ಲಿ ಕಾಣಿಸಿಕೊಳ್ಳುತ್ತದೆ.

ನೆಲದ ನೀರು ಗೋಡೆಯೊಳಗೆ ಏರುವುದು ದೀಪದ ಬತ್ತಿ ಎಣ್ಣೆ ಹೀರಿದಂತೆ. ಸಾಮಾನ್ಯವಾಗಿ 3 ಅಡಿ ಏರುವಷ್ಟರಲ್ಲಿ ಅದು ಗೋಡೆಯ ಮೈಯಿಂದ ಆರಿಹೋಗುತ್ತದೆ. ಆರುವ ದಾರಿಯನ್ನೇ ಬಣ್ಣ ಹಚ್ಚಿ ಮುಚ್ಚಿದರೆ, ಬಣ್ಣವಿಲ್ಲದ ಜಾಗ ಸಿಗುವವರೆಗೆ ಏರುತ್ತಲೇ ಹೋಗುತ್ತದೆ. ನಿಮ್ಮಲ್ಲಿ ಮೂರು ಅಡಿ ನಾಲ್ಕೂವರೆ ಆದದ್ದು ಹೀಗೆ. ನೀರಿನ ಜೊತೆ ಮಣ್ಣಿನ ಉಪ್ಪೂ ಬರುತ್ತದೆ. ನೀರು ಆರಿದಲ್ಲಿ ಉಪ್ಪು ಹರಳುಗಟ್ಟಿ ಗಿಲಾವನ್ನು ಒಳಗಿನಿಂದ ಒಡೆಯುತ್ತದೆ. ನೀವು ಹೇಳುವ ಬಿಳಿ ಹಿಟ್ಟು ಅದೇ.

ಇದನ್ನು ನಾನು ಕಲಿತದ್ದು ನಮ್ಮ ಅವ್ವನ ಮನೆಯಲ್ಲಿ. ಬೀಳಗಿ ಹತ್ತಿರದ ನಮ್ಮೂರಿನ ಮನೆಗೆ ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಒಳಗೆ ಸಗಣಿ-ಮಣ್ಣಿನ ಮೆತ್ತಿಗೆ. ಆಗಷ್ಟೇ ಗೌಂಡಿ ಕೆಲಸ ಕಲಿತಿದ್ದ ನಾನು, ಅವ್ವನಿಗೆ ವರ್ಷಾ ಗೋಡೆ ಸಾರಿಸುವ ಕಷ್ಟ ತಪ್ಪಲಿ ಎಂದು ಸಿಮೆಂಟ್ ಗಿಲಾವು ಮಾಡಿದೆ. ಕನ್ನಡಿಯ ಹಾಗಿತ್ತು. ಮರು ವರ್ಷ ದಸರೆಗೆ ಊರಿಗೆ ಹೋದಾಗ ಅವ್ವ ಗೋಡೆಗೆ ಆನಿಸಿಟ್ಟಿದ್ದ ಜೋಳದ ಚೀಲ ಎತ್ತಿದೆ. ಚೀಲದ ಬೆನ್ನು ಕಪ್ಪಗೆ ಕೊಳೆತಿತ್ತು, ಒಳಗಿನ ಜೋಳ ಬಿಳಿ ಬೇರು ಬಿಟ್ಟು ಒಂದಕ್ಕೊಂದು ಹೆಣೆದುಕೊಂಡಿತ್ತು. ಅವ್ವ ಬೈಯಲಿಲ್ಲ. "ಗ್ವಾಡಿಗೆ ಉಸಿರು ಕಟ್ಟೇತಪ್ಪಾ" ಅಂದಳು. ಆ ಮನೆ ಈಗ ಆಲಮಟ್ಟಿ ಹಿನ್ನೀರಿನ ಅಡಿ ಇದೆ. ಆ ಮಾತು ಮಾತ್ರ ನಾನು ಯಾವ ಹಳೆ ಗೋಡೆ ಮುಟ್ಟಿದರೂ ಕಿವಿಯಲ್ಲಿ ಇರುತ್ತದೆ.

ಮೊದಲು ಹಸಿ ಎಲ್ಲಿಂದ ಬರುತ್ತಿದೆ ನೋಡಿ. ಬೆಳಗಾವಿಯಲ್ಲಿ ವರ್ಷಕ್ಕೆ ಸುಮಾರು 1,300 ಮಿ.ಮೀ. ಮಳೆ, ಮಳೆಗಾಲದ ತಂಡಿಗೆ ಗೋಡೆಯ ಮೇಲೇ ಬೆವರು ಕೂರುವುದುಂಟು. ರೊಟ್ಟಿ ಸುತ್ತುವ ಫಾಯಿಲ್ ಒಂದು ಅಡಿ ಚೌಕ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಗೋಡೆಗೆ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಿ. ಹನಿ ಹೊರಮೈ ಮೇಲಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದು ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿದರೆ ಸಾಕು. ಹನಿ ಫಾಯಿಲಿನ ಹಿಂದೆ ಇದ್ದರೆ ನೀರು ಗೋಡೆಯೊಳಗಿದೆ. ಗುರುತು ಗೋಡೆಯುದ್ದಕ್ಕೂ ಒಂದೇ ಎತ್ತರದಲ್ಲಿದ್ದರೆ ನೆಲದಿಂದ ಬಂದದ್ದು. ಒಂದೇ ಕಡೆ ಗುಂಡಗೆ ಇದ್ದರೆ ಬಚ್ಚಲಿನ ಪೈಪನ್ನು, ಇಲ್ಲವೇ ಮಾಳಿಗೆಯಿಂದ ಇಳಿಯುವ ಪೈಪನ್ನು ನೋಡಬೇಕು.

ಆಮೇಲೆ ಹೊರಗೆ ಬಂದು ನಿಲ್ಲಿ. ಹಳೆಯ ಓಣಿಗಳಲ್ಲಿ ರಸ್ತೆಯ ಮೇಲೆ ರಸ್ತೆ ಹಾಕಿ ಎತ್ತರವಾಗಿ, ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಬೇಕಿದ್ದ ಮನೆಗಳಿಗೆ ಈಗ ಒಂದೇ ಮೆಟ್ಟಿಲು ಉಳಿದಿರುತ್ತದೆ. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಎತ್ತರವಿದ್ದರೆ ಯಾವ ಔಷಧವೂ ನಡೆಯುವುದಿಲ್ಲ. ನಿಮ್ಮ ಜಾಗದೊಳಗೆ, ಗೋಡೆಯುದ್ದಕ್ಕೂ ಒಂದು ಅಡಿ ಅಗಲ, ಒಂದೂವರೆ ಅಡಿ ಆಳ ತೋಡಿಸಿ. ಪಾಯದ ತಳಕ್ಕಿಂತ ಕೆಳಗೆ ಮಾತ್ರ ಹೋಗಬಾರದು. ತಳವನ್ನು ಗಟಾರದ ಕಡೆ ಇಳಿಜಾರು ಮಾಡಿ ಖಡಿ (ಜಲ್ಲಿಕಲ್ಲು) ತುಂಬಿಸಿ. ಖಡಿಯ ಮೇಲೆ ಸಿಮೆಂಟ್ ಬೇಡ.

ಒಳಗೆ, ಹಸಿಯ ಗುರುತಿಗಿಂತ ಒಂದು ಅಡಿ ಮೇಲಿನವರೆಗೆ ಸಿಮೆಂಟ್ ಗಿಲಾವನ್ನೆಲ್ಲ ಕೆತ್ತಿ ತೆಗೆಸಿ. ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ, ಕೆಳಗೆ ಕಾಗದ ಹಾಸಿ ಹಿಡಿದು ಹೊರಗೆ ಚೆಲ್ಲಿ. ನೀರು ಹಾಕಿ ತೊಳೆದರೆ ಅದೇ ಉಪ್ಪು ಕರಗಿ ಮತ್ತೆ ಗೋಡೆಯೊಳಗೆ ಹೋಗುತ್ತದೆ. ನಂತರ ಕಾಯಬೇಕು. ಗೋಡೆ ಪೂರ್ತಿ ಒಣಗಲು ಇಂಚು ದಪ್ಪಕ್ಕೆ ಒಂದು ತಿಂಗಳೆಂಬ ಲೆಕ್ಕವಿದೆ. ಸುಣ್ಣದ ಗಿಲಾವು ಮಾಡುವುದಾದರೆ ಅಷ್ಟು ಕಾಯಬೇಕಿಲ್ಲ, ಉಳಿದ ತೇವ ಅದರ ಮೂಲಕವೇ ಆರುತ್ತದೆ. ದೀಪಾವಳಿಗೆ ಕೆತ್ತಿಸಿ, ಯುಗಾದಿಗೆ ಒಂದು ಪಾಲು ಸುಣ್ಣ, ಮೂರು ಪಾಲು ತೊಳೆದ ಉಸುಕು ಕಲಸಿ ಗಿಲಾವು ಮಾಡಿಸಿ. ಒಂದು ವಾರ ಗೋಣಿತಾಟು ತೋಯಿಸಿ ಇಳಿಬಿಡಿ. ಮೇಲೆ ಸುಣ್ಣವನ್ನೇ ಬಳಿಯಿರಿ. ಪಿಒಪಿ, ಪುಟ್ಟಿ ಎರಡೂ ಬೇಡ. ಐದು ತಿಂಗಳು ಪಡಸಾಲೆ ಬೋಳಾಗಿರುವುದು ಮನಸ್ಸಿಗೆ ಕಷ್ಟ, ಬಂದವರೆಲ್ಲ ಕೇಳುತ್ತಾರೆ. ಆದರೂ ಅವಸರ ಮಾಡಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಪ್ರಶ್ನೆ: ವಿಜಯಪುರದಲ್ಲಿ ಮನೆ ಕಟ್ಟಿಸಿ ಮೂರು ವರ್ಷ. ಹಾಲಿಗೆ 2×2 ಅಡಿಯ ವಿಟ್ರಿಫೈಡ್ ಟೈಲ್ಸ್ ಇವೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಢಂ ಎಂದು ಸದ್ದಾಗಿ ನಾಲ್ಕು ಟೈಲ್ಸ್ ಗುಡಾರದಂತೆ ಎದ್ದು ನಿಂತವು. ಗೌಂಡಿ ಮಾಲು ಸರಿ ಇಲ್ಲ ಎನ್ನುತ್ತಾನೆ, ಅಂಗಡಿಯವರು ಗೌಂಡಿ ಸರಿ ಇಲ್ಲ ಎನ್ನುತ್ತಾರೆ. ಯಾರನ್ನು ನಂಬಲಿ?
– ಒಬ್ಬ ಓದುಗ, ವಿಜಯಪುರ

ಉತ್ತರ: ತಮ್ಮಾ, ಎದ್ದ ಟೈಲ್ಸ್ ಒಂದನ್ನು ತಿರುವಿ ಬೆನ್ನು ನೋಡು. ಬೆನ್ನು ಹೊಸದರ ಹಾಗೆ ಸ್ವಚ್ಛವಿದ್ದು, ಸಿಮೆಂಟೆಲ್ಲ ನೆಲದಲ್ಲೇ ಉಳಿದಿದ್ದರೆ ಹಾಕಿದ ರೀತಿಯಲ್ಲಿ ತಪ್ಪಾಗಿದೆ. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ. 0.5ರಷ್ಟೂ ನೀರು ಕುಡಿಯುವುದಿಲ್ಲ. ಫರಸಿ ಕಲ್ಲು ಕೂರಿಸಿದಂತೆ ನೀರಾಗಿ ಕಲಸಿದ ಸಿಮೆಂಟ್ ಹಾಲು ಸುರಿದು ಕೂರಿಸಿದರೆ ಅದು ಹಿಡಿದುಕೊಳ್ಳುವುದಿಲ್ಲ, ಅದಕ್ಕೆ ಟೈಲ್ ಅಂಟು ಬೇಕು. ಇನ್ನೊಂದು, ನಿಮ್ಮ ಊರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ನೆಲ ಹಿಗ್ಗಿದಾಗ ಸಂದಿಲ್ಲದೆ ಒತ್ತಿ ಕೂರಿಸಿದ ಟೈಲ್ಸ್ ಎಲ್ಲಿಗೆ ಹೋಗಬೇಕು? ಮೇಲಕ್ಕೇ ಏಳಬೇಕು. "ಗ್ಯಾಪ್ ಕಾಣಬಾರದು" ಎಂದು ಮನೆಯವರೇ ಹಟ ಹಿಡಿಯುವುದೂ ಉಂಟು. ನಿಮ್ಮಲ್ಲಿ ಹಾಗಾಗಿದ್ದರೆ ಗೌಂಡಿಯೊಬ್ಬನನ್ನೇ ದೂರಬೇಡ.

ಇಡೀ ಹಾಲು ಕೀಳಬೇಕಿಲ್ಲ. ಒಂದು ನಾಣ್ಯ ಹಿಡಿದು ಪ್ರತಿ ಟೈಲ್ಸಿನ ನಾಲ್ಕು ಮೂಲೆ, ನಡುವೆ ತಟ್ಟು. ಗಟ್ಟಿ ಸದ್ದು ಬಂದದ್ದು ಇರಲಿ, ಪೊಳ್ಳು ಸದ್ದು ಬಂದದ್ದಕ್ಕೆ ಸೀಮೆಸುಣ್ಣದ ಗುರುತು ಹಾಕು. ಅವನ್ನಷ್ಟೇ ತೆಗೆಸಿ, ಕೆಳಗಿನ ಹಳೆ ಸಿಮೆಂಟ್ ಕೆತ್ತಿಸಿ, ಹಲ್ಲಿನ ಕರಣಿಯಿಂದ ಅಂಟು ಹರಡಿ, ನಡುವೆ ಸಂದು ಉಳಿಯಲು 3 ಮಿ.ಮೀ. ಸ್ಪೇಸರ್ ಇಟ್ಟು ಮತ್ತೆ ಕೂರಿಸಲಿ. ಗೋಡೆಯಂಚಿನಲ್ಲಿ 8 ಮಿ.ಮೀ. ಸಂದು ಬಿಡಿಸು. ಗೋಡೆಯ ಬುಡದ ಪಟ್ಟಿ, ಅಂದರೆ ಸ್ಕರ್ಟಿಂಗ್, ಅದನ್ನು ಮುಚ್ಚುತ್ತದೆ, ಆದರೆ ಒಳಗೆ ಸಿಮೆಂಟ್ ತುಂಬಬಾರದು. ನೇರ ಬಿಸಿಲು ಬೀಳುವ ಹಾಲಾದರೆ 12 ಅಡಿಗೊಂದು ಕಡೆ ರಬ್ಬರಿನಂತೆ ಬಗ್ಗುವ ಸೀಲಂಟ್ ತುಂಬಿದ ಸಂದು ಇರಲಿ.

ಒಂದು ಮಾತು ಕೇಳಲೇಬೇಕು. ಮನೆ ಎರೆ ಮಣ್ಣಿನ ಮೇಲಿದೆಯೇ? ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಂದಿದ್ದರೆ, ಬೇಸಿಗೆಗೆ ಅಗಲವಾಗಿ ಮಳೆಗಾಲಕ್ಕೆ ಕೂಡಿಕೊಳ್ಳುತ್ತಿದ್ದರೆ, ಅಲುಗುತ್ತಿರುವುದು ಪಾಯ. ಆಗ ಟೈಲ್ಸಿಗೆ ಒಂದು ರೂಪಾಯಿಯನ್ನೂ ಹಾಕದೆ ಮೊದಲು ಎಂಜಿನಿಯರ್‌ಗೆ ತೋರಿಸು.

ಪ್ರಶ್ನೆ: ಶಹಾಬಾದ್ ಫರಸಿಯ ಕಲೆ ಹೋಗಲೆಂದು ಬಚ್ಚಲು ತೊಳೆಯುವ ಆ್ಯಸಿಡ್ ಹಾಕಿದೆ. ಕಲೆ ಹೋಯಿತು, ಫರಸಿ ಬೆಳ್ಳಗೆ ಒರಟಾಯಿತು. ಹೊಳಪು ಮರಳಿ ಬರುತ್ತದೆಯೇ?
– ಒಬ್ಬ ಗೃಹಿಣಿ, ಮುಧೋಳ

ಉತ್ತರ: ತಾನಾಗಿ ಬರುವುದಿಲ್ಲ ತಾಯಿ. ಶಹಾಬಾದ್ ಸುಣ್ಣದ ಕಲ್ಲು, ಆ್ಯಸಿಡ್ ಅದರ ಮೈಯನ್ನೇ ತಿಂದಿದೆ. ಪಾಲಿಶ್ ಮಷೀನ್ ತರಿಸಿ ಆ ಜಾಗ ಉಜ್ಜಿಸಿ, ತೆಳುವಾಗಿ ಅಗಸಿ ಎಣ್ಣೆ ಒರೆಸಿ. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ. ಇನ್ನು ಮುಂದೆ ಲಿಂಬೆ, ಹುಣಸೆ ಕೂಡ ಫರಸಿಗೆ ತಾಗಿಸಬೇಡಿ. ಅಡುಗೆ ಕಟ್ಟೆಗೆ ಇಳಕಲ್‌ನ ಕೆಂಪು ಗ್ರಾನೈಟ್ ಇದ್ದರೆ ಅದಕ್ಕೆ ಈ ಹೆದರಿಕೆ ಇಲ್ಲ.

ಪ್ರಶ್ನೆ: ಬಾದಾಮಿ ಕಡೆ ನಮ್ಮ ಹಳ್ಳಿ ಮನೆಯ ಮಣ್ಣಿನ ಮಾಳಿಗೆ ಸೋರುತ್ತದೆ. ಮೇಲೆ ಎರಡು ಇಂಚು ಕಾಂಕ್ರೀಟ್ ಹಾಕಿಸಿದರೆ ನಡೆಯುತ್ತದೆಯೇ?
– ಒಬ್ಬ ರೈತ

ಉತ್ತರ: ಹಾಕಿಸಬೇಡಿ ಅಣ್ಣಾ. ಜಂತಿಗೆ ಭಾರವಾಗುತ್ತದೆ. ಕಾಂಕ್ರೀಟ್ ಬಿರುಕು ಬಿಟ್ಟು ನೀರು ಒಳಗಿಳಿದರೆ ಮತ್ತೆ ಹೊರಗೆ ಆರುವುದಿಲ್ಲ, ಕಟ್ಟಿಗೆ ಕಾಣದಂತೆ ಕೊಳೆಯುತ್ತದೆ. ಹಿರಿಯರು ಮಾಳಿಗೆಗೆ ಸವಳು ಮಣ್ಣು (ಉಪ್ಪಿನಂಶದ ಮಣ್ಣು) ಹಾಕುತ್ತಿದ್ದುದು ಅದು ನೆನೆದಾಗ ಅದರ ನುಣ್ಣನೆ ಕಣ ಬಿಚ್ಚಿಕೊಂಡು ಸಂದುಗಳನ್ನು ಮುಚ್ಚುತ್ತದೆ ಎಂದು. ರೋಹಿಣಿ ಮಳೆ ಬೀಳುವ ಮೊದಲು ಮಾಳಿಗೆಯ ಹುಲ್ಲನ್ನು ಬೇರು ಸಮೇತ ಕೀಳಿ, ಹೊಸ ಸವಳು ಮಣ್ಣು ಎರಡು ಬೆರಳು ದಪ್ಪ ಹರಡಿ ತುಳಿಸಿ, ನೀರು ಹೊರಗೆ ಬೀಳುವ ದೋಣಿಯ ಬಾಯಿ ಬಿಡಿಸಿ. ಮೊದಲ ದೊಡ್ಡ ಮಳೆಯ ರಾತ್ರಿ ಹನಿ ಬಿದ್ದಲ್ಲಿ ಬೋಗುಣಿ ಇಟ್ಟು, ಬೆಳಗ್ಗೆ ಅದರ ನೇರ ಮೇಲೆ ಮತ್ತು ಇಳಿಜಾರಿನ ಮೇಲ್ಬದಿಗೆ ಎರಡು ಮೊಳ ಹುಡುಕಿ. ತೂತು ಹೆಚ್ಚಾಗಿ ಆ ಮೇಲ್ಬದಿಯಲ್ಲೇ ಸಿಗುತ್ತದೆ.