ಬೆಕ್ಕಿನ ಮರಿ ಕೈ ಕಚ್ತಿದೆ ಅಂತ ಕೇಳಿದೋರಿಗೆ

ನೀವು ಹಾಕಿದ ವಿಡಿಯೋ ನೋಡ್ದೆ. ಮರಿ ಹೊಟ್ಟೆ ಮೇಲೆ ಬೆರಳು ಕುಣಿಸ್ತಾ ಇದೀರಾ, ಅದು ಮುಂಗಾಲಲ್ಲಿ ಕೈ ತಬ್ಬಿ ಹಿಂಗಾಲಲ್ಲಿ ಒದ್ದು ಕಚ್ತಿದೆ, ನೀವು ನಗ್ತಿದೀರಾ, ಆಮೇಲೆ "ಯಾಕಿಷ್ಟು ಅಗ್ರೆಸಿವ್" ಅಂತ ಪ್ರಶ್ನೆ. ನೀವೇ ಕಲಿಸ್ತಿರೋದಲ್ವಾ ರೀ! ನಾನೂ ನಮ್ಮ ಗಂಡುಬೆಕ್ಕಿಗೆ ಹಿಂಗೇ ಕಲಿಸಿದ್ದು, ದೊಡ್ಡದಾದ್ಮೇಲೆ ಹೊದಿಕೆ ಒಳಗೆ ಕಾಲು ಅಲ್ಲಾಡಿದ್ರೆ ಸಾಕು ಹಾರಿ ಬೀಳೋದು.

ಇವತ್ತಿಂದ ಕೈ ಇರೋದು ಸವರೋಕೆ, ಊಟ ಹಾಕೋಕೆ ಅಷ್ಟೇ. ಆಟಕ್ಕೆ ಗರಿ ಕಟ್ಟಿರೋ ಕೋಲು. ಅದನ್ನೂ ಎಲ್ಲಾರೂ ತಪ್ಪಾಗೇ ಆಡಿಸ್ತಾರೆ, ಮುಖದ ಹತ್ರ ತಂದು ಅಲ್ಲಾಡಿಸೋದು. ಯಾವ ಇಲಿ ತಾನಾಗೇ ಬೆಕ್ಕಿನ ಬಾಯಿಗೆ ಬರುತ್ತೆ ಹೇಳಿ? ದೂರ ಓಡಿಸಿ, ಸೋಫಾ ಹಿಂದೆ ಅಡಗಿಸಿ, ಸುಮ್ನಿರಿಸಿ, ತುದಿ ಮಾತ್ರ ಸ್ವಲ್ಪ ಮಿಸುಕಿಸಿ, ಅದು ಹೊಂಚು ಹಾಕಿ ಹಾರ್ಲಿ, ಹಿಡೀಲಿ, ಕಚ್ಚಿ ಒದೀಲಿ. ಕೊನೆಕೊನೆಗೆ ನಿಧಾನ ಮಾಡ್ತಾ ಬಂದು ತಕ್ಷಣ ಊಟ ಇಡಿ. ಬೇಟೆ, ಊಟ, ಮೈ ನೆಕ್ಕೋದು, ನಿದ್ದೆ, ಈ ಸರಣಿ ಪೂರ್ತಿ ಆಗ್ಬೇಕು. ದಿನಕ್ಕೆರಡು ಸಲ ಹತ್ತತ್ತು ನಿಮಿಷ, ಒಂದು ನೀವು ಮಲಗೋ ಮುಂಚೆ. ಲೇಸರ್ ಲೈಟಿನ ಚುಕ್ಕಿ ಓಡಿಸೋದು ನಂಗಿಷ್ಟ ಇಲ್ಲ, ಕೈಗೇ ಸಿಗಲ್ಲ ಅಂತ ಕೆಲವು ಇನ್ನೂ ಕೆರಳ್ತಾವೆ. ಬಿಡೋಕಾಗ್ದಿದ್ರೆ ಕೊನೆಗೆ ಚುಕ್ಕೀನ ಒಂದು ಟ್ರೀಟ್ ಮೇಲೆ ತಂದು ನಿಲ್ಸಿ. ಬ್ಯಾಟರಿ ಆಟಿಕೆ ಎರಡು ದಿನದ ಮಜಾ. ಫೆಲಿವೇ (ಬೆಕ್ಕನ್ನ ಶಾಂತ ಮಾಡೋಕೆ ಅಂತ ಮಾರೋ ಫೆರೊಮೋನ್ ಸ್ಪ್ರೇ, ಡಿಫ್ಯೂಸರ್) ತಗೊಳ್ಳಿ ಅಂತ ಮೇಲೆ ಯಾರೋ ಬರೆದಿದಾರೆ, ಟೆನ್ಷನ್‌ಗೆ ಬೇಕಾದ್ರೆ ನೋಡಿ, ಆಟದಲ್ಲಿ ಕಚ್ಚೋ ಚಾಳಿ ಅದ್ರಿಂದ ಬಿಡಲ್ಲ. ಹಾಂ, ಆಟ ಮುಗಿದ್ಮೇಲೆ ಕೋಲು ಎತ್ತಿಡಿ, ದಾರ ನುಂಗಿದ್ರೆ ಕರುಳಿಗೆ ಸಿಕ್ಕಿ ಆಪರೇಷನ್ ತನಕ ಹೋಗುತ್ತೆ.

ಕಚ್ಚಿ ಹಿಡಿದಾಗ ಕೈ ಎಳೀಬೇಡಿ, ಎಳೆದಷ್ಟೂ ಬಿಗಿ ಹಿಡಿಯುತ್ತೆ, ಗಾಯಾನೂ ಸೀಳುತ್ತೆ. ಸುಮ್ನೆ ಸಡಿಲ ಬಿಡಿ, ಅದು ಬಿಟ್ಟ ತಕ್ಷಣ ಎದ್ದು ಹೋಗಿ, ಆಟ ಬಂದ್. ಮೂಗಿಗೆ ಹೊಡೀರಿ, ನೀರು ಸ್ಪ್ರೇ ಮಾಡಿ ಅಂತ ಹೇಳೋರ ಮಾತು ಕೇಳ್ಬೇಡಿ ಪ್ಲೀಸ್, ಹೆದರಿದ ಬೆಕ್ಕು ಕಚ್ಚೋದೇ ಬೇರೆ ಲೆವೆಲ್ಲು.

ಸವರುವಾಗ ಕಚ್ಚುತ್ತೆ ಅಂದೋರು ಬಾಲದ ತುದಿ ನೋಡಿ. ಪಟಪಟ ಅಂತಿದ್ರೆ, ಕಿವಿ ಪಕ್ಕಕ್ಕೆ ತಿರುಗಿದ್ರೆ, ಬೆನ್ನಿನ ಚರ್ಮ ಅದುರಿದ್ರೆ ಸಾಕಾಯ್ತು ಅಂತ. ಅದು ಹೇಳೇ ಹೇಳಿರುತ್ತೆ, ನೀವು ಫೋನ್ ನೋಡ್ತಿರ್ತೀರಾ. ಕೆನ್ನೆ, ಗಲ್ಲ ನಾಲ್ಕು ಸಲ ಸವರಿ ನಿಲ್ಸಿ, ತಲೆ ತಂದು ಒತ್ತಿದ್ರೆ ಮುಂದುವರ್ಸಿ. ಹೊಟ್ಟೆ ತೋರಿಸ್ತು ಅಂತ ಕೈ ಹಾಕ್ಬೇಡಿ.

ಸಾಧುವಾಗಿದ್ದ ದೊಡ್ಡ ಬೆಕ್ಕು ಇದ್ದಕ್ಕಿದ್ದಂಗೆ ಕಚ್ಚೋಕೆ ಶುರು ಮಾಡಿದ್ರೆ ಮೊದ್ಲು ವೆಟ್ ಹತ್ರ ಹೋಗಿ, ಹಲ್ಲು, ಕಿವಿ, ಕೀಲು ಎಲ್ಲೋ ನೋವಿರ್ಬಹುದು. ಕಿಟಕಿ ಆಚೆ ಬೇರೆ ಬೆಕ್ಕು ನೋಡಿ ಕೆರಳಿದ್ರೆ ಎತ್ಕೊಳ್ಳೋಕೆ ಹೋಗ್ಬೇಡಿ, ತಣ್ಣಗಾಗೋಕೆ ಗಂಟೆಗಟ್ಲೆ ಬೇಕಾಗುತ್ತೆ.

ಗಾಯ ಚಿಕ್ಕದು ಅಂತ ಬಿಡ್ಬೇಡಿ. ಸೂಜಿಯಂಥ ಹಲ್ಲು, ಮೇಲೆ ಬೇಗ ಮುಚ್ಕೊಂಡು ಬ್ಯಾಕ್ಟೀರಿಯಾ ಒಳಗೇ ಉಳಿಯುತ್ತೆ. ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೀರಿ. ಬೆರಳು, ಗೆಣ್ಣಿನ ಹತ್ರ ಆಳಕ್ಕೆ ಹೋಗಿದ್ರೆ ಊದೋ ತನಕ ಕಾಯ್ದೆ ಅವತ್ತೇ ಡಾಕ್ಟರ್ ಹತ್ರ ಹೋಗಿ. ಚರ್ಮ ಒಡೆದಿದ್ರೆ ಗಾಯ ಎಷ್ಟೇ ಚಿಕ್ಕದಾದ್ರೂ ರೇಬೀಸ್, ಟಿಟಿ ಇಂಜೆಕ್ಷನ್ ಎರಡೂ ಕೇಳಿ, ಬೆಕ್ಕಿಗೆ ವ್ಯಾಕ್ಸಿನ್ ಆಗಿದ್ರೂ ಕೇಳಿ.

ಮರಿ ವಯಸ್ಸು ಹೇಳಿಲ್ಲ ನೀವು. ನಾಲ್ಕೈದು ತಿಂಗಳಾಗಿದ್ರೆ ಹಲ್ಲು ಬದಲಾಗೋ ಟೈಮು, ಕಚ್ಚೋಕೆ ಏನಾದ್ರೂ ಬೇಕೇ ಬೇಕು, ಒದೆಯೋಕೆ ಉದ್ದನೆ ಬಟ್ಟೆ ಗೊಂಬೆ ಒಂದು ಕೊಡಿ. ಮತ್ತೆ ಮನೇಲಿ ಎಲ್ಲಾರಿಗೂ ಹೇಳಿಡಿ, ಒಬ್ರು ಕೈ ಕುಣಿಸಿದ್ರೂ ನೀವು ಮಾಡಿದ್ದೆಲ್ಲಾ ವೇಸ್ಟು.